ಕಾಲೇಜು ಫುಟ್‌ಬಾಲ್ ತಂಡಕ್ಕೆ ಕ್ರೀಡಾ ಮನೋಭಾವ ಕಲಿಸುವುದು ಹೇಗೆ?

ಅಂತರ ಕಾಲೇಜು ಟೂರ್ನಿಗೆ ಹೊರಡುವ ಮುನ್ನ ಪ್ರತಿ ತಂಡವೂ ಕಾರ್ನರ್ ಕಿಕ್ ಅಭ್ಯಾಸ ಮಾಡುತ್ತದೆ. ಪೆನಾಲ್ಟಿ ಯಾರು ಹೊಡೆಯಬೇಕು, ಎದುರಾಳಿಯ ಚುರುಕಾದ ಫಾರ್ವರ್ಡ್‌ನನ್ನು ಯಾರು ಕಾಯಬೇಕು ಎಂಬುದೆಲ್ಲ ಮೊದಲೇ ಗೊತ್ತಾಗಿರುತ್ತದೆ. ರೆಫರಿ ತಪ್ಪು ತೀರ್ಪು ಕೊಟ್ಟರೆ ಯಾರು ಮಾತನಾಡಬೇಕು, ಉಳಿದವರು ಎಲ್ಲಿ ನಿಲ್ಲಬೇಕು ಎಂಬುದನ್ನು ಮಾತ್ರ ಯಾರೂ ಅಭ್ಯಾಸ ಮಾಡುವುದಿಲ್ಲ. ಅಂಥ ಗಳಿಗೆ ಬಾರದೆ ಮುಗಿಯುವ ಪಂದ್ಯವೇ ಅಪರೂಪ. ಅದು ಬಂದಾಗ ಹತ್ತೊಂಬತ್ತು, ಇಪ್ಪತ್ತರ ಹರೆಯದ ಆಟಗಾರ ತನಗೆ ತೋಚಿದ್ದನ್ನು ಮಾಡುತ್ತಾನೆ. ಆಮೇಲೆ ನಾವು ಅವನನ್ನು ಕರೆದು ಬುದ್ಧಿ ಹೇಳುತ್ತೇವೆ.

ಕ್ರೀಡಾ ಮನೋಭಾವ ಹುಟ್ಟಿನಿಂದ ಬರುವ ಗುಣ ಎಂಬ ನಂಬಿಕೆ ನಮ್ಮ ಮೈದಾನಗಳಲ್ಲಿ ಬಲವಾಗಿ ಬೇರೂರಿದೆ. 'ಅವನ ಸ್ವಭಾವವೇ ಹಾಗೆ, ಮೂಗಿನ ತುದಿಯಲ್ಲೇ ಕೋಪ' ಎಂದು ಒಬ್ಬನ ಬಗ್ಗೆ ಷರಾ ಬರೆದುಬಿಟ್ಟರೆ ಅಲ್ಲಿಗೆ ತರಬೇತುದಾರರ ಹೊಣೆ ಮುಗಿಯಿತು. ಇಟಲಿಯ ಪಾವ್ಲೊ ಡಿ ಕ್ಯಾನಿಯೊ ಅವರ ಉದಾಹರಣೆಯನ್ನು ನೋಡಿ. 1998ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ವೆಡ್ನೆಸ್‌ಡೇ ತಂಡದಲ್ಲಿದ್ದಾಗ ಅವರು ಕೆಂಪು ಕಾರ್ಡ್ ತೋರಿಸಿದ ರೆಫರಿಯನ್ನು ನೆಲಕ್ಕೆ ಬೀಳುವಂತೆ ತಳ್ಳಿ 11 ಪಂದ್ಯಗಳ ನಿಷೇಧಕ್ಕೆ ಒಳಗಾದರು. ಅದೇ ಡಿ ಕ್ಯಾನಿಯೊ 2000ದ ಡಿಸೆಂಬರ್‌ನಲ್ಲಿ ವೆಸ್ಟ್ ಹ್ಯಾಮ್ ಪರವಾಗಿ ಎವರ್ಟನ್ ವಿರುದ್ಧ ಆಡುತ್ತಿದ್ದರು. ಪಂದ್ಯ 1-1ರಲ್ಲಿ ಸಮವಾಗಿತ್ತು, ಕೊನೆಯ ನಿಮಿಷಗಳು ನಡೆದಿದ್ದವು. ಎವರ್ಟನ್ ಗೋಲ್‌ಕೀಪರ್ ಗಾಯಗೊಂಡು ಬಿದ್ದಿದ್ದಾಗ ಚೆಂಡು ಡಿ ಕ್ಯಾನಿಯೊ ಕಡೆಗೇ ತೇಲಿ ಬಂತು. ಗೋಲಿಗೆ ಹೊಡೆಯುವ ಬದಲು ಅವರು ಅದನ್ನು ಕೈಯಲ್ಲಿ ಹಿಡಿದು ಆಟ ನಿಲ್ಲಿಸಿದರು. ಎದುರಾಳಿ ಅಭಿಮಾನಿಗಳೇ ಎದ್ದು ಚಪ್ಪಾಳೆ ತಟ್ಟಿದರು, ಫಿಫಾದ ಫೇರ್ ಪ್ಲೇ ಪ್ರಶಸ್ತಿಯೂ ಬಂತು. ಎರಡು ವರ್ಷಗಳ ಅಂತರದಲ್ಲಿ ಒಬ್ಬನೇ ಮನುಷ್ಯ ಎರಡು ತೀರಾ ಬೇರೆ ನಿರ್ಧಾರಗಳನ್ನು ಮಾಡಿದ. ನಮ್ಮ ಕೆಲಸವೇನಿದ್ದರೂ ನಿರ್ಧಾರಗಳ ಮೇಲೆ, ಸ್ವಭಾವದ ಮೇಲಲ್ಲ.

ಮುಂದಿನ ಹೆಜ್ಜೆಗಳು ದೈಹಿಕ ಶಿಕ್ಷಣ ನಿರ್ದೇಶಕರಿಗೆ, ತರಬೇತುದಾರರಿಗೆ ಮತ್ತು ನಾಯಕರಿಗೆ. ತರಬೇತುದಾರರೇ ಇಲ್ಲದೆ ಸೀನಿಯರ್‌ಗಳೇ ನಡೆಸುವ ತಂಡಗಳು ನಮ್ಮ ಕಾಲೇಜುಗಳಲ್ಲಿ ಸಾಕಷ್ಟಿವೆ. ಅವರಿಗಂತೂ ಇದು ಇನ್ನೂ ಹೆಚ್ಚು ಬೇಕು.

ಮೊದಲ ವಾರವೇ ಒಂದು ಪುಟ ಬರೆಯಿಸಿ

ತಂಡದ ಆಯ್ಕೆ ಮುಗಿದ ವಾರವೇ ಎಲ್ಲರನ್ನೂ ಕೂರಿಸಿ ನಡವಳಿಕೆಯ ನಿಯಮಗಳನ್ನು ಬರೆಯಿಸಿ. ನೀವೇ ಬರೆದು ತಂದು ಓದಬೇಡಿ, ಆಟಗಾರರೇ ಹೇಳಲಿ. ಒಂದು ಪುಟಕ್ಕಿಂತ ಹೆಚ್ಚು ಬೇಡ. 'ಕ್ರೀಡಾ ಮನೋಭಾವದಿಂದ ಆಡುತ್ತೇವೆ' ಎಂಬಂಥ ಗಾಳಿಮಾತು ಬಂದರೆ ಒಪ್ಪಬೇಡಿ. ಕಣ್ಣಿಗೆ ಕಾಣುವ, ಆಯಿತೋ ಇಲ್ಲವೋ ಎಂದು ಹೇಳಬಹುದಾದ ಮಾತುಗಳೇ ಇರಲಿ: ಅಭ್ಯಾಸಕ್ಕೆ ಬರಲಾಗದಿದ್ದರೆ ಹಿಂದಿನ ರಾತ್ರಿಯೇ ತಿಳಿಸಬೇಕು. ರೆಫರಿಯ ಬಳಿಗೆ ನಾಯಕ ಮಾತ್ರ ಹೋಗಬೇಕು. ಬಿದ್ದ ಎದುರಾಳಿಯನ್ನು ಎಬ್ಬಿಸಲು ಕೈ ಕೊಡಬೇಕು. ಸಹ ಆಟಗಾರನ ತಪ್ಪಿಗೆ ಮೈದಾನದಲ್ಲಿ ಕೈಚೆಲ್ಲಿ ನಿಲ್ಲಬಾರದು. ಯಾರದೇ ಜಾತಿ, ಭಾಷೆ, ಬಣ್ಣ, ಊರು ಹಿಡಿದು ಮಾತನಾಡಬಾರದು.

ಕೊನೆಯ ನಿಯಮದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಬೆಂಗಳೂರು, ಮೈಸೂರು, ಮಂಗಳೂರಿನ ಕಾಲೇಜು ತಂಡಗಳಲ್ಲಿ ಕೇರಳದವರು, ಮಣಿಪುರ ಮತ್ತು ಮಿಜೋರಾಂನವರು, ಆಫ್ರಿಕಾದ ದೇಶಗಳಿಂದ ಓದಲು ಬಂದವರು ಆಡುತ್ತಾರೆ. ಅವರ ಮುಖಚರ್ಯೆಯನ್ನೋ ಮೈಬಣ್ಣವನ್ನೋ ಹಿಡಿದು ಆಡುವ ಮಾತನ್ನು 'ತಮಾಷೆಗೆ ಅಂದದ್ದು' ಎಂದು ತೇಲಿಸಿಬಿಡುವ ರೂಢಿಯಿದೆ. ಫುಟ್‌ಬಾಲ್ ನಿಯಮದಲ್ಲಿ ಅವಮಾನಕರ, ನಿಂದನೀಯ ಮಾತಿಗೆ ನೇರ ಕೆಂಪು ಕಾರ್ಡ್ ಇದೆ. ತಮಾಷೆಗೆ ರಿಯಾಯಿತಿ ಇಲ್ಲ. ನಿಮ್ಮ ತಂಡದೊಳಗೆ ಅಭ್ಯಾಸದ ಹೊತ್ತಿನಲ್ಲಿ ಕರೆಯುವ ಅಡ್ಡಹೆಸರುಗಳಿಂದಲೇ ಇದನ್ನು ತಿದ್ದಲು ಆರಂಭಿಸಿ. ಸ್ವಂತ ತಂಡದ ಗೆಳೆಯನನ್ನು ಅವನ ಊರಿನ ಹೆಸರು ಹಿಡಿದು ಗೇಲಿ ಮಾಡುವವನು ಎದುರಾಳಿಯ ಮುಂದೆ ನಾಲಿಗೆ ಬಿಗಿಹಿಡಿಯುವುದಿಲ್ಲ.

ಬರೆದ ಪುಟಕ್ಕೆ ಎಲ್ಲರೂ ಸಹಿ ಹಾಕಲಿ, ನೀವೂ ಹಾಕಿ. ಒಂದು ಪ್ರತಿ ಕಿಟ್ ಚೀಲದಲ್ಲೇ ಇರಲಿ.

ಹೊಸಬರಿಗೆ ಬರೆಯದ ನಿಯಮಗಳನ್ನೂ ಹೇಳಿಕೊಡುವುದು ಮುಖ್ಯ. 1999ರ ಫೆಬ್ರುವರಿಯಲ್ಲಿ ಇಂಗ್ಲೆಂಡಿನ ಎಫ್‌ಎ ಕಪ್ ಟೂರ್ನಿಯಲ್ಲಿ ಆರ್ಸೆನಲ್ ಮತ್ತು ಶೆಫೀಲ್ಡ್ ಯುನೈಟೆಡ್ ಆಡುತ್ತಿದ್ದಾಗ, ಶೆಫೀಲ್ಡ್‌ನ ಒಬ್ಬ ಆಟಗಾರ ಗಾಯಗೊಂಡದ್ದರಿಂದ ಅವರು ಚೆಂಡನ್ನು ಹೊರಗೆ ಹೊಡೆದರು. ಥ್ರೋ ಇನ್ ಪಡೆದ ಆರ್ಸೆನಲ್ ಚೆಂಡನ್ನು ಅವರಿಗೇ ಮರಳಿಸುವುದು ವಾಡಿಕೆ, ಹಾಗೆಯೇ ಎಸೆದರು ಕೂಡ. ಆರ್ಸೆನಲ್‌ಗೆ ಅಂದೇ ಮೊದಲ ಬಾರಿ ಆಡುತ್ತಿದ್ದ ನೈಜೀರಿಯಾದ ಕಾನು ಚೆಂಡಿನ ಬೆನ್ನಟ್ಟಿ ಹೋಗಿ ಪಾಸ್ ಕೊಟ್ಟರು, ಅವರ ಸಹ ಆಟಗಾರ ಓವರ್‌ಮಾರ್ಸ್ ಗೋಲು ಹೊಡೆದರು. ನಿಯಮದ ಪ್ರಕಾರ ಗೋಲು ಸರಿ, ರೆಫರಿ ಅದನ್ನು ರದ್ದು ಮಾಡುವಂತಿರಲಿಲ್ಲ. 2-1ರಿಂದ ಗೆದ್ದ ಆರ್ಸೆನಲ್‌ನ ವ್ಯವಸ್ಥಾಪಕ ಅರ್ಸೇನ್ ವೆಂಗರ್ ಪಂದ್ಯವನ್ನು ಮತ್ತೆ ಆಡೋಣ ಎಂದು ತಾವೇ ಮುಂದೆ ಬಂದರು. ಮರುಪಂದ್ಯ ನಡೆಯಿತು, ಆರ್ಸೆನಲ್ ಅದನ್ನೂ 2-1ರಿಂದಲೇ ಗೆದ್ದಿತು. ಮೊದಲ ವರ್ಷದ ವಿದ್ಯಾರ್ಥಿ ಇಂಥದ್ದೇನಾದರೂ ಮಾಡಿದರೆ ಅವನನ್ನು ಕುಹಕಿ ಎನ್ನುವ ಮುನ್ನ, ಅವನಿಗೆ ಯಾರಾದರೂ ಹೇಳಿಕೊಟ್ಟಿದ್ದರೇ ಎಂದು ಕೇಳಿಕೊಳ್ಳಿ.

ನಿಯಮ ಪುಸ್ತಕವನ್ನು ಒಮ್ಮೆಯಾದರೂ ಓದಿಸಿ

ಮೈದಾನದಲ್ಲಿ ನಡೆಯುವ ಜಗಳಗಳಲ್ಲಿ ಅರ್ಧಕ್ಕರ್ಧ ನಿಯಮ ಗೊತ್ತಿಲ್ಲದ್ದರಿಂದ ಹುಟ್ಟುತ್ತವೆ. ಫುಟ್‌ಬಾಲ್‌ನ ಹದಿನೇಳು ನಿಯಮಗಳ ಪುಸ್ತಕ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಎಲ್ಲವನ್ನೂ ಓದಿಸಲು ಹೊರಟರೆ ಹುಡುಗರು ಆಕಳಿಸುತ್ತಾರೆ. ಐದನೆಯ ನಿಯಮ ಮತ್ತು ಹನ್ನೆರಡನೆಯ ನಿಯಮ ಸಾಕು.

ಐದನೆಯದರಲ್ಲಿ ರೆಫರಿಯ ಅಧಿಕಾರವಿದೆ. ಆಟ ಪುನರಾರಂಭವಾದ ಮೇಲೆ ರೆಫರಿ ತಮ್ಮ ತೀರ್ಪನ್ನು ಬದಲಿಸುವಂತೆಯೇ ಇಲ್ಲ. ಇದು ತಿಳಿದವನಿಗೆ ಐದು ನಿಮಿಷದ ಹಿಂದಿನ ಆಫ್‌ಸೈಡ್ ಬಗ್ಗೆ ಗೊಣಗುವುದು ವ್ಯರ್ಥ ಎಂದು ಯಾರೂ ಬೋಧಿಸಬೇಕಾಗಿಲ್ಲ.

ಹನ್ನೆರಡನೆಯದರಲ್ಲಿ ಕಾರ್ಡುಗಳ ಪಟ್ಟಿ ಇದೆ. ತೀರ್ಪಿಗೆ ಮಾತಿನಿಂದಲೋ ಸನ್ನೆಯಿಂದಲೋ ಪ್ರತಿಭಟಿಸಿದರೆ ಹಳದಿ. ಫೌಲ್ ಆಯಿತೆಂದು ನಟಿಸಿ ಬಿದ್ದರೆ ಹಳದಿ. ಎದುರಾಳಿಯ ಫ್ರೀ ಕಿಕ್ ತಡೆಯಲು ಚೆಂಡನ್ನು ದೂರ ಒದ್ದರೆ ಹಳದಿ. ಗೋಲು ಹೊಡೆದು ಜೆರ್ಸಿ ಕಳಚಿದರೆ ಹಳದಿ, ಆ ಗೋಲು ಆಮೇಲೆ ರದ್ದಾದರೂ ಹಳದಿ ಉಳಿಯುತ್ತದೆ. ಹೊಡೆದಾಟಕ್ಕೆ, ಉಗುಳುವುದಕ್ಕೆ, ಬೈಗುಳಕ್ಕೆ ಕೆಂಪು. ಕೆಂಪು ಕಾರ್ಡ್ ಪಡೆದವನ ಜಾಗಕ್ಕೆ ಬದಲಿ ಆಟಗಾರ ಬರುವಂತಿಲ್ಲ, ತಂಡದಲ್ಲಿ ಏಳಕ್ಕಿಂತ ಕಡಿಮೆ ಜನ ಉಳಿದರೆ ಪಂದ್ಯವೇ ಮುಂದುವರಿಯುವುದಿಲ್ಲ. 2019ರಿಂದ ತರಬೇತುದಾರರಿಗೂ ಕಾರ್ಡ್ ತೋರಿಸಬಹುದು. ಬೆಂಚಿನಿಂದ ಯಾರು ಕೂಗಿದರೆಂದು ಪತ್ತೆಯಾಗದಿದ್ದರೆ ಆ ಶಿಕ್ಷೆ ಅಲ್ಲಿರುವ ಹಿರಿಯ ತರಬೇತುದಾರರ ಪಾಲಿಗೆ.

ಒಂದು ಹಳದಿ ಕಾರ್ಡ್‌ನ ಬೆಲೆ ಏನೆಂದು ಆಟಗಾರರು ಕೇಳಿದರೆ 2018ರ ವಿಶ್ವಕಪ್ ನೆನಪಿಸಿ. ಜಪಾನ್ ಮತ್ತು ಸೆನೆಗಲ್ ಅಂಕ, ಗೋಲು ವ್ಯತ್ಯಾಸ, ಹೊಡೆದ ಗೋಲು ಎಲ್ಲದರಲ್ಲೂ ಸಮವಾಗಿದ್ದವು, ಪರಸ್ಪರ ಆಡಿದ ಪಂದ್ಯವೂ 2-2ರಲ್ಲಿ ಮುಗಿದಿತ್ತು. ಜಪಾನ್‌ಗೆ ನಾಲ್ಕು ಹಳದಿ ಕಾರ್ಡ್, ಸೆನೆಗಲ್‌ಗೆ ಆರು. ಸೆನೆಗಲ್ ಮನೆಗೆ ಹೊರಟಿತು.

ತಪ್ಪು ಸೀಟಿಯ ಅಭ್ಯಾಸ

ಇಡೀ ಲೇಖನದಲ್ಲಿ ಒಂದನ್ನೇ ಆರಿಸಿಕೊಳ್ಳುವುದಾದರೆ ಇದನ್ನು ಆರಿಸಿಕೊಳ್ಳಿ. ವಾರಕ್ಕೊಮ್ಮೆ ತಂಡದೊಳಗಿನ ಅಭ್ಯಾಸ ಪಂದ್ಯದಲ್ಲಿ ಬೇಕೆಂದೇ ತಪ್ಪು ತೀರ್ಪು ಕೊಡಬೇಕು.

ನಡೆಸುವ ಕ್ರಮ ಹೀಗೆ. ಇಪ್ಪತ್ತು ನಿಮಿಷದ ಆಟ ಇಡಿ, ಸೋತವರು ಹೆಚ್ಚುವರಿ ಓಟ ಓಡಬೇಕು ಎಂದು ಪಣ ಕಟ್ಟಿ. ಪಣವಿಲ್ಲದಿದ್ದರೆ ಯಾರಿಗೂ ಬಿಸಿ ಮುಟ್ಟುವುದಿಲ್ಲ. ರೆಫರಿಯಾಗಿ ನೀವು ನಿಲ್ಲಿ, ಅಥವಾ ಆಟ ಬಲ್ಲ ಹಳೆಯ ವಿದ್ಯಾರ್ಥಿಯೊಬ್ಬರನ್ನು ಕರೆಸಿ. ಮೊದಲ ಹತ್ತು ನಿಮಿಷ ನೇರವಾಗಿ ಆಡಿಸಿ. ಆಮೇಲೆ ಒಳ್ಳೆಯ ಗೋಲೊಂದನ್ನು ಆಫ್‌ಸೈಡ್ ಎಂದು ಅಲ್ಲಗಳೆಯಿರಿ. ಸ್ಪಷ್ಟ ಫೌಲ್ ಕಂಡರೂ ಸೀಟಿ ಊದಬೇಡಿ. ಚೆಂಡು ಎದೆಗೆ ಬಡಿದದ್ದನ್ನು ಹ್ಯಾಂಡ್‌ಬಾಲ್ ಎಂದು ಪೆನಾಲ್ಟಿ ಕೊಡಿ. ಯಾವ ದಿನ ಹೀಗೆ ಮಾಡುತ್ತೀರೆಂದು ಮೊದಲೇ ಹೇಳಬೇಡಿ, ಆದರೆ ಋತುವಿನ ಆರಂಭದಲ್ಲೇ ಇಂಥ ಅಭ್ಯಾಸ ಇರುತ್ತದೆ ಎಂದು ತಿಳಿಸಿಟ್ಟಿರಿ. ಇಲ್ಲದಿದ್ದರೆ ಅದು ಮೋಸವಾಗುತ್ತದೆ.

ಮೊದಲ ಸಲ ಏನಾಗುತ್ತದೆಂದು ಹತ್ತಿರದಿಂದ ನೋಡಿ. ಗೋಲು ಕಳೆದುಕೊಂಡ ಹುಡುಗ ಎರಡೂ ಕೈ ಮೇಲೆತ್ತಿ ನಿಮ್ಮ ಕಡೆಗೆ ಓಡಿ ಬರುತ್ತಾನೆ. ಅವನ ಹಿಂದೆ ಇನ್ನೂ ಮೂವರು. 'ಸರ್, ಅವನು ನನಗಿಂತ ಹಿಂದೆ ಇದ್ದ ಸರ್, ಎಲ್ಲರೂ ನೋಡಿದ್ದಾರೆ' ಎಂದು ಒಬ್ಬ ಕೂಗುತ್ತಾನೆ, ಮತ್ತೊಬ್ಬ ಎದುರು ತಂಡದ ಡಿಫೆಂಡರ್‌ನ ಕಡೆ ತಿರುಗಿ 'ನೀನೇ ಹೇಳು' ಎನ್ನುತ್ತಾನೆ. ಅಷ್ಟರಲ್ಲಿ ಡಿಫೆಂಡರ್‌ಗಳು ಫ್ರೀ ಕಿಕ್ ಹೊಡೆದು ಚೆಂಡನ್ನು ಮುಂದೆ ಕಳಿಸಿರುತ್ತಾರೆ. ಈ ಕಡೆ ನಾಲ್ವರು ನಿಮ್ಮ ಸುತ್ತ ನಿಂತಿದ್ದಾರೆ, ಆ ಕಡೆ ಅವರ ಗೋಲ್‌ಕೀಪರ್ ಒಬ್ಬನೇ ಇಬ್ಬರನ್ನು ಎದುರಿಸುತ್ತಿದ್ದಾನೆ. ಗೋಲು. ಆಟ ನಿಲ್ಲಿಸಿ, ಎಲ್ಲರನ್ನೂ ಇದ್ದಲ್ಲೇ ನಿಲ್ಲಲು ಹೇಳಿ. ಯಾರ್‍ಯಾರು ಎಲ್ಲೆಲ್ಲಿ ನಿಂತಿದ್ದಾರೆಂದು ಅವರೇ ಕತ್ತು ತಿರುಗಿಸಿ ನೋಡಲಿ. ನೀವು ಹೆಚ್ಚು ಮಾತನಾಡುವ ಅಗತ್ಯ ಬೀಳುವುದಿಲ್ಲ.

ಅಲ್ಲಿಂದ ಮೂರು ಕೆಲಸಗಳನ್ನು ರೂಢಿ ಮಾಡಿಸಿ. ಸೀಟಿ ಕೇಳಿದೊಡನೆ ಚೆಂಡಿಗೆ ಬೆನ್ನು ಹಾಕದೆ ತನ್ನ ಜಾಗಕ್ಕೆ ಓಡಬೇಕು. ಓಡುತ್ತಲೇ ಹತ್ತಿರದ ಸಂಗಾತಿಗೆ ಆಟದ ಮಾತೊಂದನ್ನು ಹೇಳಬೇಕು: 'ಏಳನೇ ನಂಬರನ್ನು ನೋಡಿಕೋ', 'ಎಡಗಡೆ ಖಾಲಿ ಇದೆ'. ಬಾಯಿಗೆ ಕೆಲಸ ಕೊಟ್ಟರೆ ಬೈಗುಳ ಹೊರಡುವುದಿಲ್ಲ. ಮೂರನೆಯದು, ಅನ್ಯಾಯವಾಯಿತು ಎನಿಸಿದವನು ನಾಯಕನ ಕಡೆ ನೋಡಿ ಕೈ ಎತ್ತಬೇಕು. ಕೇಳಬೇಕೋ ಬೇಡವೋ ಎಂದು ನಾಯಕ ತೀರ್ಮಾನಿಸುತ್ತಾನೆ.

ಕೆಲವು ವಾರ ನಡೆಸಿದರೆ ಬದಲಾವಣೆ ಕಣ್ಣಿಗೆ ಕಾಣುತ್ತದೆ. ಕೋಪ ಹೋಗುವುದಿಲ್ಲ, ಹೋಗಲೂ ಬಾರದು. ಗೋಲು ಕಳೆದುಕೊಂಡರೂ ಏನೂ ಅನಿಸದವನು ಒಳ್ಳೆಯ ಆಟಗಾರನಾಗುವುದು ಕಷ್ಟ. ಆದರೆ ಕಾಲು ತನ್ನ ಜಾಗದ ಕಡೆಗೆ ಓಡುತ್ತದೆ, ಕೋಪ ಅದರ ಜತೆಗೇ ಓಡುತ್ತದೆ.

ಇದರ ಜೊತೆಗೆ ಪ್ರತಿ ಆಟಗಾರನೂ ಅಭ್ಯಾಸ ಪಂದ್ಯವೊಂದಕ್ಕೆ ಸೀಟಿ ಹಿಡಿದು ರೆಫರಿಯಾಗಬೇಕು ಎಂದು ನಿಯಮ ಮಾಡಿ. ಬಿಸಿಲಲ್ಲಿ ಚೆಂಡಿನ ಹಿಂದೆ ಓಡುತ್ತಾ, ಗುಂಪಿನ ನಡುವೆ ಯಾರ ಕಾಲು ಯಾರಿಗೆ ತಾಗಿತೆಂದು ಕ್ಷಣದಲ್ಲಿ ಹೇಳುವುದು ಎಷ್ಟು ಕಷ್ಟ ಎಂಬುದು ಒಮ್ಮೆ ಗೊತ್ತಾದವನು ರೆಫರಿಯ ಮೇಲೆ ಎರಗುವುದಿಲ್ಲ. ಅಂತರ ಕಾಲೇಜು ಪಂದ್ಯಗಳಿಗೆ ಬರುವ ರೆಫರಿಗಳ ಬೆನ್ನಿಗೆ ಟಿ.ವಿ. ಮರುಪ್ರಸಾರವಿರುವುದಿಲ್ಲ, ಕೊಡುವ ಭತ್ಯೆಯೂ ಅಷ್ಟಕ್ಕಷ್ಟೇ. ಅವರು ಬರದಿದ್ದರೆ ಪಂದ್ಯವೇ ಇಲ್ಲ.

ನಾಯಕನಿಗೆ ಮಾತು ಕಲಿಸಿ

ನಾಯಕನ ತೋಳುಪಟ್ಟಿ ಕಟ್ಟಿಕೊಂಡವನಿಗೆ ರೆಫರಿಯೊಡನೆ ವಾದಿಸುವ ಹಕ್ಕಿದೆ ಎಂದು ಬಹಳ ಜನ ತಿಳಿದಿದ್ದಾರೆ. ನಿಯಮ ಪುಸ್ತಕ ಹೇಳುವುದೇ ಬೇರೆ: ನಾಯಕನಿಗೆ ವಿಶೇಷ ಸ್ಥಾನಮಾನವಾಗಲಿ ಸೌಲಭ್ಯವಾಗಲಿ ಇಲ್ಲ, ತಂಡದ ನಡವಳಿಕೆಯ ಬಗ್ಗೆ ಒಂದಿಷ್ಟು ಹೊಣೆ ಮಾತ್ರ ಇದೆ. 2024ರ ಯೂರೊ ಟೂರ್ನಿಯಲ್ಲಿ ನಾಯಕನೊಬ್ಬನೇ ರೆಫರಿಯ ಬಳಿ ಹೋಗಬಹುದು, ಬೇರೆಯವರು ಮುತ್ತಿಕೊಂಡರೆ ಹಳದಿ ಕಾರ್ಡ್ ಎಂಬ ಕ್ರಮ ತಂದರು. ಆಟ ನೋಡುವುದಕ್ಕೂ ಹಿತವಾಯಿತು. ನಿಮ್ಮ ಟೂರ್ನಿಯಲ್ಲಿ ಆ ಕ್ರಮ ಇರಲಿ ಬಿಡಲಿ, ನಿಮ್ಮ ತಂಡದಲ್ಲಿ ಇರಲಿ. ನಾಯಕ ಗೋಲ್‌ಕೀಪರ್ ಆಗಿದ್ದರೆ ಮುಂದೆ ಆಡುವ ಒಬ್ಬರನ್ನು ಆ ಕೆಲಸಕ್ಕೆ ಹೆಸರಿಸಿ.

ನಾಯಕ ಏನು ಮಾತನಾಡಬೇಕೆಂಬುದನ್ನು ಬಾಯಿಪಾಠ ಮಾಡಿಸಿ. ನಡೆದುಕೊಂಡು ಹೋಗಬೇಕು, ಓಡಬಾರದು. ಕೈ ಹಿಂದೆ ಅಥವಾ ಪಕ್ಕದಲ್ಲಿರಬೇಕು, ಬೆರಳು ತೋರಿಸಬಾರದು. ಹಿಂದಿನ ತೀರ್ಪಿನ ಬದಲು ಮುಂದಿನ ಆಟದ ಬಗ್ಗೆ ಮಾತನಾಡಬೇಕು: 'ಸರ್, ಅವರ ಎಂಟನೇ ನಂಬರ್ ಹಿಂದಿನಿಂದ ಕಾಲು ಹಾಕುತ್ತಿದ್ದಾನೆ, ದಯವಿಟ್ಟು ಗಮನಿಸಿ.' ಅಷ್ಟೇ. ಉತ್ತರ ಏನೇ ಬಂದರೂ 'ಆಗಲಿ ಸರ್' ಎಂದು ಹಿಂದಿರುಗಬೇಕು. ಮಹಿಳಾ ರೆಫರಿ ಇದ್ದರೆ 'ಮೇಡಂ' ಎನ್ನಲು ಮರೆಯಬಾರದು. ಆ ಒಂದು ಪದದಲ್ಲೇ ಎಡವುವ ಹುಡುಗರಿದ್ದಾರೆ.

ಮೈದಾನ ಬಿಟ್ಟು ಹೊರನಡೆಯುವ ಯೋಚನೆ ಬಂದಾಗ ಏನಾಗುತ್ತದೆಂದು ತಿಳಿಯಲು ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ 2023ರ ಮಾರ್ಚ್ 3ರಂದು ನಡೆದ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ನಾಕೌಟ್ ಪಂದ್ಯ ನೋಡಿ. ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ಗೋಲಿಲ್ಲದೆ ಹೆಚ್ಚುವರಿ ಅವಧಿಗೆ ಹೋಗಿದ್ದವು. ಕೇರಳದ ಗೋಲ್‌ಕೀಪರ್ ತಮ್ಮ ಆಟಗಾರರನ್ನು ಸಾಲಾಗಿ ನಿಲ್ಲಿಸಿ ಇನ್ನೂ ಗೋಡೆ ಕಟ್ಟಿಸುತ್ತಿದ್ದಾಗಲೇ ಬೆಂಗಳೂರಿನ ಸುನಿಲ್ ಚೆಟ್ರಿ ಫ್ರೀ ಕಿಕ್ ಹೊಡೆದು ಗೋಲು ಗಳಿಸಿದರು. ರೆಫರಿ ಅದನ್ನು ಮಾನ್ಯ ಮಾಡಿದರು. ಕೇರಳದ ತರಬೇತುದಾರ ಇವಾನ್ ವುಕೊಮಾನೊವಿಚ್ ತಮ್ಮ ಆಟಗಾರರನ್ನು ಹೊರಗೆ ಕರೆದರು, ತಂಡ ಮರಳಿ ಬರಲಿಲ್ಲ. ಪಂದ್ಯ ಬೆಂಗಳೂರಿನ ಪಾಲಾಯಿತು. ಭಾರತೀಯ ಫುಟ್‌ಬಾಲ್ ಫೆಡರೇಷನ್ ಕ್ಲಬ್‌ಗೆ 4 ಕೋಟಿ ರೂಪಾಯಿ ದಂಡ ಹಾಕಿತು, ತರಬೇತುದಾರರಿಗೆ 10 ಪಂದ್ಯಗಳ ನಿಷೇಧ ಮತ್ತು 5 ಲಕ್ಷ ರೂಪಾಯಿ ದಂಡ ವಿಧಿಸಿತು.

ಆ ಗೋಲು ನ್ಯಾಯವೇ ಅಲ್ಲವೇ ಎಂಬ ಚರ್ಚೆ ಇಂದಿಗೂ ನಿಂತಿಲ್ಲ. ಬೇಗನೆ ಫ್ರೀ ಕಿಕ್ ಹೊಡೆಯಲು ನಿಯಮದಲ್ಲಿ ಅವಕಾಶವಿದೆ. ಸೀಟಿಗಾಗಿ ಕಾಯಿರಿ ಎಂದು ರೆಫರಿ ಹೇಳಿದ್ದರೆ ಮಾತ್ರ ಕಾಯಬೇಕು. ಕೇರಳದವರ ಸಂಕಟ ನನಗೆ ಅರ್ಥವಾಗುತ್ತದೆ, ಅಷ್ಟು ದೂರದಿಂದ ಬಂದ ಅಭಿಮಾನಿಗಳ ಸಂಕಟವೂ ಅರ್ಥವಾಗುತ್ತದೆ. ಆದರೆ ಗೋಲಾದ ಮೇಲೆ ಇನ್ನೂ ಇಪ್ಪತ್ತಕ್ಕೂ ಹೆಚ್ಚು ನಿಮಿಷ ಆಟ ಬಾಕಿ ಇತ್ತು. ಒಂದು ಗೋಲು ಹೊಡೆದಿದ್ದರೆ ಸಮ. ಆ ಅವಕಾಶವನ್ನು ಅವರೇ ಕೈಯಾರೆ ಬಿಟ್ಟುಕೊಟ್ಟರು. ನಿಮ್ಮ ತಂಡಕ್ಕೆ ಹೇಳಬೇಕಾದ್ದು ಇಷ್ಟು: ಎದುರಾಳಿಗೆ ಫ್ರೀ ಕಿಕ್ ಸಿಕ್ಕ ಕೂಡಲೇ ಒಬ್ಬರು ಚೆಂಡಿನ ಮೇಲೆ ಕಣ್ಣಿಡಿ, ಮತ್ತು ಏನೇ ಆದರೂ ಗೆರೆ ದಾಟಿ ಹೊರಬರಬೇಡಿ. ತಕರಾರಿದ್ದರೆ ಪಂದ್ಯ ಮುಗಿದ ಮೇಲೆ ಲಿಖಿತ ದೂರು ಕೊಡಿ. ಟೂರ್ನಿಯ ನಿಯಮಾವಳಿಯಲ್ಲಿ ದೂರಿಗೆ ಗಡುವು ಮತ್ತು ಶುಲ್ಕ ಬರೆದಿರುತ್ತದೆ. ಹೊರಡುವ ಮುನ್ನವೇ ವ್ಯವಸ್ಥಾಪಕರು ಅದನ್ನು ಓದಿರಬೇಕು.

ಕೆಣಕುವವರ ಎದುರು

ವಯಸ್ಸು ಹೆಚ್ಚಿದಷ್ಟೂ ಪಕ್ವತೆ ತಾನಾಗಿ ಬರುತ್ತದೆ ಎನ್ನುವಂತಿಲ್ಲ. 2006ರ ಜುಲೈ 9ರಂದು ಬರ್ಲಿನ್‌ನಲ್ಲಿ ವಿಶ್ವಕಪ್ ಫೈನಲ್ ಆಡಿದಾಗ ಝಿನೆದಿನ್ ಝಿದಾನ್‌ಗೆ 34 ವರ್ಷ. ಅದು ಅವರ ಕೊನೆಯ ಪಂದ್ಯ, ಅವರು ಫ್ರಾನ್ಸ್ ನಾಯಕ. 110ನೇ ನಿಮಿಷದಲ್ಲಿ ಇಟಲಿಯ ಮಾರ್ಕೊ ಮಾಟೆರಾಟ್ಸಿ ಆಡಿದ ಮಾತಿಗೆ ತಿರುಗಿ ಬಂದು ಅವರ ಎದೆಗೆ ತಲೆಯಿಂದ ಗುದ್ದಿದರು. ಕೆಂಪು ಕಾರ್ಡ್. ಪೆನಾಲ್ಟಿ ಶೂಟೌಟ್‌ನಲ್ಲಿ ಇಟಲಿ 5-3ರಿಂದ ಗೆದ್ದಾಗ ಝಿದಾನ್ ಮೈದಾನದಲ್ಲಿರಲಿಲ್ಲ.

ಪ್ರತಿ ಆಟಗಾರನನ್ನೂ ಒಬ್ಬೊಬ್ಬನಾಗಿ ಕೂರಿಸಿ ಕೇಳಿ: ಯಾವ ಮಾತು, ಯಾವ ವರ್ತನೆ ನಿನ್ನನ್ನು ಕೆರಳಿಸುತ್ತದೆ? ಕೆಲವರಿಗೆ ಮನೆಯವರ ಬಗ್ಗೆ ಮಾತು ಬಂದರೆ ತಡೆಯದು. ಕೆಲವರಿಗೆ ಜೆರ್ಸಿ ಹಿಡಿದೆಳೆದರೆ ಸಾಕು. ಕೆಲವರನ್ನು ಎದುರಾಳಿಗಿಂತ ಸ್ವಂತ ಗೋಲ್‌ಕೀಪರ್‌ನ ಬೈಗುಳವೇ ಹೆಚ್ಚು ನೋಯಿಸುತ್ತದೆ. ಹೇಳಿಕೊಳ್ಳಲು ಮೊದಲು ಹಿಂಜರಿಯುತ್ತಾರೆ, ಅದಕ್ಕೇ ಗುಂಪಿನಲ್ಲಿ ಕೇಳಬಾರದು. ತಿಳಿದುಕೊಂಡ ಮೇಲೆ ಪ್ರತಿಯೊಬ್ಬನಿಗೂ ಒಬ್ಬ ಜೊತೆಗಾರನನ್ನು ಗೊತ್ತು ಮಾಡಿ, ಮೈದಾನದಲ್ಲಿ ಅವನಿಗೆ ಹತ್ತಿರವೇ ಆಡುವವನನ್ನು. ಜೊತೆಗಾರನ ಕೆಲಸ ಒಂದೇ: ಗೆಳೆಯನ ಮುಖ ಕೆಂಪಾದಾಗ ಎದುರಾಳಿಗೂ ಅವನಿಗೂ ನಡುವೆ ನಿಲ್ಲುವುದು, ಅವನ ಹೆಸರು ಹಿಡಿದು ಕರೆದು ಹತ್ತು ಹೆಜ್ಜೆ ಆಚೆಗೆ ಕರೆದೊಯ್ಯುವುದು. ಎದುರಾಳಿಯನ್ನು ಅವನು ಮುಟ್ಟಕೂಡದು. ಜಗಳ ಬಿಡಿಸಲು ಹೋದವನೇ ಕೈ ಮಿಲಾಯಿಸಿ ಕಾರ್ಡ್ ಪಡೆದ ಉದಾಹರಣೆಗಳಿಗೆ ಕೊರತೆಯಿಲ್ಲ.

ಜಾತಿ ಅಥವಾ ಜನಾಂಗದ ನಿಂದನೆಯಾದರೆ ಮಾತ್ರ ಸಹಿಸಿಕೊಂಡು ಸುಮ್ಮನಿರು ಎಂದು ಹೇಳಬೇಡಿ. ಅದು ಪಕ್ವತೆಯಲ್ಲ. ನಾಯಕ ಕೂಡಲೇ ರೆಫರಿಗೆ ತಿಳಿಸಬೇಕು, ಆಡಿದ ಮಾತು, ಆಡಿದವನ ನಂಬರ್, ಹೊತ್ತು ಬರೆದಿಡಬೇಕು, ವ್ಯವಸ್ಥಾಪಕರು ಅಂದೇ ಲಿಖಿತ ದೂರು ಕೊಡಬೇಕು. ತಂಡದ ಹಿರಿಯರು ತನ್ನ ಬೆನ್ನಿಗಿದ್ದಾರೆ ಎಂದು ಗೊತ್ತಿರುವ ಹುಡುಗ ತಾನೇ ಕೈ ಎತ್ತಲು ಹೋಗುವುದಿಲ್ಲ.

ಬೆಂಚಿನಲ್ಲಿ ಕೂತವರು

ತಂಡದ ಪಕ್ವತೆಯನ್ನು ಅಳೆಯಲು ನಾನು ಮೊದಲು ನೋಡುವುದು ಬೆಂಚನ್ನು. ಆಡುತ್ತಿರುವವನಿಗೆ ಸಂಯಮ ಸುಲಭ, ಅವನಿಗೆ ಮುಂದಿನ ಚೆಂಡಿದೆ. ಋತುವಿಡೀ ಬೆವರು ಸುರಿಸಿ ಬೆಂಚಿನಲ್ಲಿ ಕೂತವನ ನೋವು ಬೇರೆಯೇ. ಮೂರನೇ ವರ್ಷದಲ್ಲಿರುವವನಿಗಂತೂ ಮುಂದಿನ ವರ್ಷ ಎಂಬುದಿಲ್ಲ.

ಈ ನೋವನ್ನು ಹೆಚ್ಚಿಸುವವರು ಬಹುಪಾಲು ನಾವೇ. ಆಡುವ ಹನ್ನೊಂದು ಮಂದಿಯ ಹೆಸರನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿ ಕೈತೊಳೆದುಕೊಳ್ಳುತ್ತೇವೆ. ಸ್ಥಾನ ಕಳೆದುಕೊಂಡವನನ್ನು ಪಟ್ಟಿ ಪ್ರಕಟಿಸುವ ಮೊದಲೇ ಒಂಟಿಯಾಗಿ ಕರೆದು ಹೇಳಿ. ಕಾರಣ ಸ್ಪಷ್ಟವಾಗಿರಲಿ: 'ಅವರ ಬಲಗಡೆಯ ಆಟಗಾರ ಬಹಳ ವೇಗವಾಗಿ ಓಡುತ್ತಾನೆ, ಇಂದು ಆ ಕಡೆ ನಿನಗಿಂತ ವೇಗವಿರುವವನು ಬೇಕು. ದ್ವಿತೀಯಾರ್ಧದಲ್ಲಿ ಅವನು ದಣಿದ ಮೇಲೆ ನಿನ್ನ ಪಾಸ್ ನಮಗೆ ಬೇಕಾಗುತ್ತದೆ.' ಆಡಿಸುವ ಉದ್ದೇಶವಿಲ್ಲದಿದ್ದರೆ ಆಡಿಸುತ್ತೇನೆಂದು ಹೇಳಬೇಡಿ. ಒಮ್ಮೆ ಸುಳ್ಳು ಹೇಳಿದರೆ ಆ ಹುಡುಗ ನಿಮ್ಮ ಯಾವ ಮಾತನ್ನೂ ಮತ್ತೆ ನಂಬುವುದಿಲ್ಲ.

ಬೆಂಚಿನವರಿಗೆ ಕೆಲಸವನ್ನೂ ಹಂಚಿ. ಒಬ್ಬ ಎದುರಾಳಿಯ ಕಾರ್ನರ್ ಕಿಕ್‌ಗಳನ್ನು ಬರೆದುಕೊಳ್ಳಲಿ, ಒಬ್ಬ ತನ್ನ ಸ್ಥಾನದಲ್ಲಿ ಆಡುತ್ತಿರುವ ಗೆಳೆಯನಿಗೆ ವಿರಾಮದಲ್ಲಿ ಕಂಡದ್ದನ್ನು ಹೇಳಲಿ. ಹೊರಗೆ ಕರೆಸಿಕೊಂಡ ಆಟಗಾರ ನೇರವಾಗಿ ನಡೆದು ಬಂದು, ಒಳಹೋಗುವವನ ಕೈಕುಲುಕಿ, ಬೆಂಚಿನಲ್ಲೇ ಕೂರಬೇಕು. ನೀರಿನ ಬಾಟಲಿ ಒದೆಯುವುದು, ಬೂಟು ಬಿಚ್ಚಿ ಬಸ್ಸಿನ ಕಡೆ ಹೊರಡುವುದು ನಡೆಯದು ಎಂದು ಮೊದಲ ದಿನದ ಪುಟದಲ್ಲೇ ಇರಲಿ.

ತಲೆಗೆ ಪೆಟ್ಟಾದರೆ ಮುಚ್ಚಿಡದೆ ಹೇಳುವುದೂ ಪಕ್ವತೆಯೇ. ಸ್ಥಾನ ಹೋಗುತ್ತದೆಂಬ ಭಯದಿಂದ ತಲೆಸುತ್ತನ್ನು ಬಚ್ಚಿಟ್ಟು ಆಡುವವರಿದ್ದಾರೆ. ಅನುಮಾನ ಬಂದರೆ ಹೊರಗೆ ಕರೆಸಿ, ಅಂದು ಮತ್ತೆ ಇಳಿಸಬೇಡಿ, ವೈದ್ಯರಿಗೆ ತೋರಿಸಿ. ಇದರಲ್ಲಿ ಚೌಕಾಸಿ ಇಲ್ಲ.

ಗೆಲ್ಲುತ್ತಿರುವಾಗ

ಒಂದು ಗೋಲಿನ ಮುನ್ನಡೆಯಲ್ಲಿರುವ ತಂಡ ಕೊನೆಯ ಹತ್ತು ನಿಮಿಷ ಹೇಗೆ ಕಳೆಯುತ್ತದೆ ಎಂಬುದೂ ಮುಖ್ಯ. ಚೆಂಡನ್ನು ಮೂಲೆಗೆ ಕೊಂಡೊಯ್ದು ಕಾಯುವುದು ಆಟದ ಜಾಣ್ಮೆ. ಏನೂ ಆಗದಿದ್ದರೂ ಕಾಲು ಹಿಡಿದು ಹೊರಳಾಡುವುದು ಮೋಸ. 2025-26ರ ನಿಯಮಾವಳಿಯಂತೆ ಗೋಲ್‌ಕೀಪರ್ ಎಂಟು ಸೆಕೆಂಡಿಗಿಂತ ಹೆಚ್ಚು ಹೊತ್ತು ಚೆಂಡನ್ನು ಕೈಯಲ್ಲಿ ಹಿಡಿದರೆ ಎದುರಾಳಿಗೆ ಕಾರ್ನರ್ ಕಿಕ್ ಸಿಗುತ್ತದೆ. ಕೊನೆಯ ಐದು ಸೆಕೆಂಡುಗಳನ್ನು ರೆಫರಿ ಕೈ ಎತ್ತಿ ಎಣಿಸಿ ತೋರಿಸುತ್ತಾರೆ. ನಿಮ್ಮ ಗೋಲ್‌ಕೀಪರ್‌ಗೆ ಇದನ್ನು ಅಭ್ಯಾಸ ಮಾಡಿಸಿ.

ದುರ್ಬಲ ತಂಡದ ವಿರುದ್ಧ ಏಳೆಂಟು ಗೋಲು ಹೊಡೆದಾಗ ಆಟ ನಿಲ್ಲಿಸಬೇಕಾಗಿಲ್ಲ, ಅದು ಎದುರಾಳಿಗೆ ಇನ್ನೂ ದೊಡ್ಡ ಅವಮಾನ. ಬೆಂಚಿನವರನ್ನು ಇಳಿಸಿ, ಆಡಿ, ಕುಣಿತ ಬಿಡಿ.

ಪಂದ್ಯ ಮುಗಿದ ಮೇಲೆ

ಕೈಕುಲುಕುವ ಸಾಲಿನಲ್ಲಿ ಎಲ್ಲರೂ ನಿಲ್ಲಬೇಕು, ಮುಖ ನೋಡಿ ಕೈ ಕೊಡಬೇಕು. ರೆಫರಿಗೂ ಸಹಾಯಕ ರೆಫರಿಗಳಿಗೂ ವಂದಿಸಬೇಕು, ಸೋತಾಗ ಇದನ್ನು ತಪ್ಪಿಸಲೇಬಾರದು. ಅಳು ಬಂದರೆ ಅಳಲಿ. ಅಳುವವನ ಫೋಟೊ ತೆಗೆಯದಂತೆ ಮಾತ್ರ ನೋಡಿಕೊಳ್ಳಿ.

ಸೋಲಿನ ವಿಶ್ಲೇಷಣೆಯನ್ನು ಅಂದೇ ಮಾಡಬೇಡಿ. ಬಿಸಿಯಲ್ಲಿ ಆಡಿದ ಮಾತು ಗಾಯದ ಮೇಲೆ ಬರೆ ಎಳೆದಂತೆ. ಮರುದಿನ ಸಂಜೆ ಕೂತು ಮಾತನಾಡಿ. ಅಂದು ರಾತ್ರಿ ಮೊಬೈಲ್‌ಗಳ ಬಗ್ಗೆ ಎಚ್ಚರ ಬೇಕು. ಎದುರಾಳಿ ತಪ್ಪು ಮಾಡಿದ ದೃಶ್ಯಕ್ಕೆ ಹಾಡು ಹಚ್ಚಿ ರೀಲ್ ಮಾಡುವುದು, ರೆಫರಿಯ ಮುಖ ಹಾಕಿ ಬೈಯುವುದು ಈಗ ಸಾಮಾನ್ಯವಾಗಿದೆ. ಮೈದಾನದಲ್ಲಿ ತಣ್ಣಗಾಗಿದ್ದ ಜಗಳ ಹಾಸ್ಟೆಲ್ ಗೇಟಿನಲ್ಲಿ ಮತ್ತೆ ಹೊತ್ತಿಕೊಳ್ಳುವುದು ಇಂಥ ರೀಲ್‌ಗಳಿಂದಲೇ. ಪಂದ್ಯದ ಬಗ್ಗೆ ಮರುದಿನದವರೆಗೆ ಯಾರೂ ಏನೂ ಹಾಕಬಾರದು ಎಂದು ನಿಯಮ ಮಾಡಿ.

ತಪ್ಪಾದಾಗ

ಶಿಕ್ಷೆ ಮೊದಲೇ ಗೊತ್ತಿರಬೇಕು, ಎಲ್ಲರಿಗೂ ಒಂದೇ ಇರಬೇಕು. ಪ್ರತಿಭಟಿಸಿ ಹಳದಿ ಕಾರ್ಡ್ ಪಡೆದವನು ಮುಂದಿನ ಪಂದ್ಯದಲ್ಲಿ ಬೆಂಚಿನಿಂದ ಆರಂಭಿಸಲಿ. ಹೊಡೆದಾಟಕ್ಕೆ ಕೆಂಪು ಕಾರ್ಡ್ ಪಡೆದವನು ಟೂರ್ನಿ ವಿಧಿಸುವ ನಿಷೇಧದ ಜೊತೆಗೆ ತಂಡದ ನಿಷೇಧವನ್ನೂ ಅನುಭವಿಸಲಿ, ಎದುರಾಳಿಯ ಬಳಿ ಖುದ್ದಾಗಿ ಕ್ಷಮೆ ಕೇಳಲಿ. ನಿಯಮ ಮುರಿದವನು ಹೆಚ್ಚು ಗೋಲು ಹೊಡೆಯುವವನಾಗಿದ್ದಾಗ, ಮುಂದಿನ ಪಂದ್ಯ ಸೆಮಿಫೈನಲ್ ಆಗಿದ್ದಾಗ ನಿಮ್ಮ ಪರೀಕ್ಷೆ. ಅಂದು ಅವನನ್ನು ಆಡಿಸಿದರೆ ಆ ಒಂದು ಪುಟ ಹರಿದು ಹಾಕಿದಂತೆಯೇ.

ನಿಷೇಧದ ಅವಧಿಯಲ್ಲಿ ಅವನನ್ನು ದೂರ ಮಾಡಬೇಡಿ. ಅಭ್ಯಾಸಕ್ಕೆ ಬರಲಿ, ತಂಡದ ಬಸ್ಸಿನಲ್ಲೇ ಪ್ರಯಾಣ ಮಾಡಲಿ.

ಹಿರಿಯರ ಪ್ರಾಮಾಣಿಕತೆಯ ಬಗ್ಗೆಯೂ ಹೇಳಲೇಬೇಕು. ಕಾಲೇಜಿಗೆ ದಾಖಲಾಗದ ಆಟಗಾರನನ್ನು ಬೇರೆಯವರ ಗುರುತಿನ ಚೀಟಿಯಲ್ಲಿ ಆಡಿಸುವುದು, ವಯಸ್ಸಿನ ದಾಖಲೆ ತಿದ್ದುವುದು ಗೊತ್ತಿದ್ದೂ ನಡೆಯುವಲ್ಲಿ ಕ್ರೀಡಾ ಮನೋಭಾವದ ಪಾಠಕ್ಕೆ ಬೆಲೆಯಿಲ್ಲ. ಹುಡುಗರಿಗೆ ಎಲ್ಲವೂ ಗೊತ್ತಿರುತ್ತದೆ.

ಮುಂದಿನ ನಾಯಕನ ಆಯ್ಕೆ

ಋತು ಮುಗಿದಾಗ, ಹಿರಿಯರು ಕಾಲೇಜು ಬಿಡುವ ಮುನ್ನವೇ ಮುಂದಿನ ವರ್ಷದ ನಾಯಕನನ್ನು ಆರಿಸಿ. ಹೆಚ್ಚು ಗೋಲು ಹೊಡೆದವನಿಗೆ ಅಥವಾ ಹೆಚ್ಚು ವರ್ಷ ಆಡಿದವನಿಗೆ ತೋಳುಪಟ್ಟಿ ಕಟ್ಟುವ ರೂಢಿ ಬಿಡಿ. ಪ್ರತಿ ಆಟಗಾರನೂ ಚೀಟಿಯಲ್ಲಿ ಎರಡು ಹೆಸರು ಬರೆಯಲಿ: ತಂಡ ಸೋಲುತ್ತಿರುವಾಗ ಯಾರ ಮಾತು ಕೇಳುತ್ತೀಯ? ನೀನು ತಪ್ಪು ಮಾಡಿದಾಗ ನಿನಗೆ ನೇರವಾಗಿ ಹೇಳಿದವರು ಯಾರು? ಎರಡೂ ಪ್ರಶ್ನೆಗಳಿಗೆ ಹೆಚ್ಚು ಬಾರಿ ಬಂದ ಹೆಸರುಗಳನ್ನು ನೋಡಿ ನಿರ್ಧರಿಸಿ. ಗೋಲ್‌ಕೀಪರ್ ಆಗಿರಬಹುದು, ಹೆಚ್ಚು ಪಂದ್ಯ ಬೆಂಚಿನಲ್ಲೇ ಕಳೆದ ಎರಡನೇ ವರ್ಷದವನೂ ಆಗಿರಬಹುದು. ಆರಿಸಿದ ಮೇಲೆ ಬೇಸಿಗೆ ರಜೆಯಲ್ಲೇ ಅವನ ಕೈಗೆ ನಿಯಮ ಪುಸ್ತಕ ಮತ್ತು ಈ ವರ್ಷದ ಆ ಒಂದು ಪುಟ ಕೊಡಿ. ಯಾವ ನಿಯಮ ಉಳಿಯಬೇಕು, ಯಾವುದು ಬದಲಾಗಬೇಕು ಎಂದು ಅವನೇ ಗುರುತು ಹಾಕಿಕೊಂಡು ಬರಲಿ.